ಪ್ಲೈವುಡ್‌ಗೆ ಹೋಗುವ ಮರ: ಅಳತೆ ಯಾರದ್ದು?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಗದ್ದೆ ಬದುಗಳಲ್ಲಿ ಹೆಬ್ಬೇವು ಏಳುತ್ತಿರುವುದನ್ನು ಸದಸ್ಯ ಬಾಂಧವರು ಕಂಡಿರಬಹುದು. ಪೀಠೋಪಕರಣಕ್ಕೆ ಬೇಕಾದ ಪ್ಲೈವುಡ್ ಹಲಗೆಗೆ ಆ ಮರವೂ ಸಲ್ಲುತ್ತದೆ, ನಮ್ಮ ಕಾಫಿ ತೋಟದ ಸಿಲ್ವರ್ ಓಕೂ ಸಲ್ಲುತ್ತದೆ. ಬಯಲಿನವರಿಗೂ ಮಲೆನಾಡಿನವರಿಗೂ ಗಿರಾಕಿ ಒಬ್ಬನೇ. ನಷ್ಟವಾಗುವ ಬಗೆಯೂ ಒಂದೇ.

ಕಾಲು ಸುತ್ತಳತೆಯ ಹಳೆ ಲೆಕ್ಕದಲ್ಲಿ 4 ಅಡಿ ಸುತ್ತಳತೆ, 20 ಅಡಿ ಉದ್ದದ ದಿಮ್ಮಿಗೆ 20 ಘನ ಅಡಿ. ನಿಜವಾಗಿ ಅದರಲ್ಲಿರುವುದು ಸುಮಾರು 25½. ಗರಗಸಕ್ಕೆ ಕೊಡುವಾಗ ಇದಕ್ಕೆ ಅರ್ಥವಿತ್ತು, ಚೌಕ ಮಾಡಿದರೆ ಹೊರಪಟ್ಟಿ ದಂಡ. ಪ್ಲೈವುಡ್ ಕಾರ್ಖಾನೆಯಲ್ಲಿ ಹಾಗಲ್ಲ. ದಿಮ್ಮಿ ತಿರುಗುತ್ತದೆ, ಅಲಗು ಸುತ್ತಿಟ್ಟ ಚಾಪೆ ಬಿಚ್ಚಿದಂತೆ ತೆಳು ಹಾಳೆ ತೆಗೆಯುತ್ತದೆ. ಕೊನೆಗೆ ಉಳಿಯುವುದು ನಡುವಿನ ಗೂಟ. ಹಾಳೆ ಒಣಗಿಸಿ, ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟು ಹಚ್ಚಿ, ಬಿಸಿಯಲ್ಲಿ ಒತ್ತಿದರೆ ಹಲಗೆ. ಹೀಗಿರುವಾಗ ಐದೂವರೆ ಘನ ಅಡಿಯನ್ನು ಯಾವ ಲೆಕ್ಕಕ್ಕೆ ಬಿಡಬೇಕು? ದರವೇ ಅದಕ್ಕೆ ತಕ್ಕಂತಿದೆ ಎನ್ನುವ ವ್ಯಾಪಾರಿಗಳಿದ್ದಾರೆ. ಇದ್ದರೆ ಎರಡೂ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೊಡಲಿ.

ತೂಕಕ್ಕೆ ಕೊಡುವವರು ಕಡಿದ ದಿನವೇ ತೂಗಿಸಿರಿ. ಹಸಿ ಮರ ರಸ್ತೆ ಬದಿ ಬಿದ್ದಷ್ಟು ದಿನ ಆರುತ್ತದೆ, ಆರುವುದು ನಮ್ಮ ಹಣ.

ನಾವೂ ನಿಂತ ಮರಕ್ಕೆ ಇಷ್ಟೆಂದು ಕಣ್ಣಂದಾಜಿನಲ್ಲಿ ಕೊಟ್ಟು ಕೈ ಸುಟ್ಟುಕೊಂಡವರೇ. (ಮೆಣಸಿನ ಬಳ್ಳಿ ಹಬ್ಬಿದ ಮರದ ಮಾತು ಬೇರೆ, ಅದನ್ನು ಕಡಿಯಿರೆಂದು ನಾವು ಹೇಳುತ್ತಿಲ್ಲ.) ಅಡಿಯಲ್ಲಿ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 12.57ರಿಂದ ಭಾಗಿಸಿದರೆ ಪೂರ್ತಿ ಘನ ಅಡಿ ಸಿಗುತ್ತದೆ. ಸಂಘದ ಕಚೇರಿಯಲ್ಲಿ ಎರಡು ಅಳತೆ ಟೇಪು ಇರಿಸಿದ್ದೇವೆ. ಒಯ್ಯುವವರು ಹೆಸರು ಬರೆಸಿ, ವಾರದೊಳಗೆ ಹಿಂದಿರುಗಿಸತಕ್ಕದ್ದು.