ಶಿಶುವಾಗಿಯೇ ಉಳಿಯಲೆಂದು ಕೊಡುವ ಸಾಲ

ಸರ್ಕಾರ ನಮ್ಮ ಜನಕ್ಕೆ ಸಾಲ ಕೊಡೋದಿಲ್ಲ ಅನ್ನೋದು ಸುಳ್ಳು. ಕೊಡುತ್ತದೆ. ಎಮ್ಮೆಗೆ ಕೊಡುತ್ತದೆ, ಕುರಿಗೆ ಕೊಡುತ್ತದೆ, ಹೊಲಿಗೆ ಯಂತ್ರಕ್ಕೆ ಕೊಡುತ್ತದೆ. ಕೊಟ್ಟ ಫೋಟೋ ಪೇಪರಿನಲ್ಲೂ ಬರುತ್ತದೆ. ಆದರೆ ಒಂದು ಯಂತ್ರ ಇದ್ದವಳು ಹತ್ತು ಯಂತ್ರ ಹಾಕ್ತೀನಿ, ಕೇರಿಯ ಹೆಣ್ಣುಮಕ್ಕಳಿಗೆ ಕೆಲಸ ಕೊಡ್ತೀನಿ ಎಂದು ಬ್ಯಾಂಕಿನ ಮೆಟ್ಟಿಲು ಹತ್ತಲಿ. ಆಗ ಗೊತ್ತಾಗುತ್ತದೆ. ಬದುಕಿ ಉಳಿಯುವಷ್ಟು ಕೊಡುತ್ತಾರೆ, ಬೆಳೆಯುವಷ್ಟು ಕೊಡುವುದಿಲ್ಲ.

ಹೆಸರಿಡುವುದರಲ್ಲೇ ಇವರ ಮನಸ್ಸು ಬಯಲಾಗಿದೆ. 2015ರಲ್ಲಿ ಬಂದಾಗ ಮುದ್ರಾ ಸಾಲಕ್ಕೆ ಇದ್ದದ್ದು ಮೂರು ಮೆಟ್ಟಿಲು: ಶಿಶು, ಕಿಶೋರ, ತರುಣ. 50 ಸಾವಿರದವರೆಗೆ ಶಿಶು. ಖಾತೆಗಳ ಲೆಕ್ಕ ತೆಗೆದರೆ ಬಹುಪಾಲು ಶಿಶುಗಳೇ. ಇಷ್ಟು ವರ್ಷವಾದರೂ ಈ ಶಿಶುಗಳು ಯಾಕೆ ದೊಡ್ಡವಾಗಲಿಲ್ಲ ಸ್ವಾಮಿ?

2016ರಲ್ಲಿ ಸ್ಟ್ಯಾಂಡ್ ಅಪ್ ಇಂಡಿಯಾ ಬಂತು. ಪ್ರತಿ ಬ್ಯಾಂಕ್ ಶಾಖೆಯೂ ಕನಿಷ್ಠ ಒಬ್ಬ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ, ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಎಂದರು. ಶಾಖೆಗಳು ಸುಮಾರು ಒಂದೂಕಾಲು ಲಕ್ಷ. 2024ರ ಮಾರ್ಚ್ ಹೊತ್ತಿಗೆ ಪರಿಶಿಷ್ಟ ಜಾತಿಯವರ ಖಾತೆ ಸುಮಾರು 46 ಸಾವಿರ, ಪಂಗಡದವರದು ಸುಮಾರು 15 ಸಾವಿರ. ಎಂಟು ವರ್ಷದಲ್ಲಿ ಶಾಖೆಗೊಬ್ಬ ದಲಿತನೂ ಸಿಗಲಿಲ್ಲವೆ? ಅದೂ ಹೊಸದಾಗಿ ಶುರು ಮಾಡುವವನಿಗೆ ಮಾತ್ರ ಇತ್ತು. ಇದ್ದ ಕಸುಬನ್ನು ಬೆಳೆಸುವವನಿಗೆ ಅಲ್ಲ.

ಬ್ಯಾಂಕಿನವರ ಉತ್ತರ ಗೊತ್ತಿದ್ದದ್ದೇ: 'ಅಡಮಾನಕ್ಕೆ ಏನೈತಿ?' ಅಡಮಾನ ಎಂದರೆ ಭೂಮಿ. ಭೂಮಿ ಯಾರ ಕೈಲಿದೆ? 1974ರ ಭೂಸುಧಾರಣೆ ಉಳುವ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯೂ ಸಿಗದೆ ಕೂಲಿಗೆ ನಿಂತ ನಮ್ಮವರ ಪಾಲಿಗೆ ಬಂದದ್ದು ಚೂರುಪಾರು. ತಲೆತಲಾಂತರ ಭೂಮಿ ಕೊಡದೆ ಇಟ್ಟು, ಈಗ ಭೂಮಿ ತೋರಿಸು ಅನ್ನುವುದು ಜಾತಿಯಲ್ಲದೆ ಮತ್ತೇನು? ಅಡಮಾನವಿಲ್ಲದ ಸಾಲಕ್ಕೆ ಹೊಣೆ ನಿಲ್ಲುವ ಖಾತರಿ ನಿಧಿ 2000ದಲ್ಲೇ ಹುಟ್ಟಿದೆ. ಸಣ್ಣ ಉದ್ದಿಮೆಗೆ 10 ಲಕ್ಷದವರೆಗೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಇದನ್ನು ನಮ್ಮ ಕೇರಿಗೆ ಬಂದು ಹೇಳಿದವರು ಯಾರು?

ಇದರಿಂದ ಆಗುವ ನಷ್ಟ ನೋಡಬೇಕಾದರೆ ಅಥಣಿ ಕಡೆ ಹೋಗಿ. ಅಲ್ಲಿಯ ಸಮಗಾರರು ಹೆಣೆಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ನಮೂನೆಯ ಜೋಡನ್ನು ಮಿಲಾನಿನ ವೇದಿಕೆ ಮೇಲೆ ನಡೆಸಿತು. ಗದ್ದಲ ಎದ್ದ ಮೇಲೆ ಮೂಲ ಒಪ್ಪಿಕೊಂಡಿತು. ಕೈ ನಮ್ಮದು, ಬಂಡವಾಳ ಅವರದು. ತೊಗಲು ಕೊಂಡಿಟ್ಟುಕೊಳ್ಳಲು, ಹೆಣೆಯುವವರಿಗೆ ವಾರದ ಕೂಲಿ ಕೊಡಲು, ಮಾಲು ಹೋಗಿ ದುಡ್ಡು ಬರುವತನಕ ತಡೆದುಕೊಳ್ಳಲು ಹಣ ಬೇಕು. ಅದಿಲ್ಲದವನು ವ್ಯಾಪಾರಿಯ ಮುಂಗಡಕ್ಕೆ ಕೈಯೊಡ್ಡಿ, ಅವನು ಹೇಳಿದ ಬೆಲೆಗೆ ಜೋಡು ಒಪ್ಪಿಸುತ್ತಾನೆ. ಜೀತ ಬೇರೆ ಇನ್ನೇನು?

ದುಡ್ಡಿಲ್ಲ ಅನ್ನಬೇಡಿ. 2014-15ರಿಂದ ಹತ್ತು ವರ್ಷದಲ್ಲಿ ಬ್ಯಾಂಕುಗಳು ಲೆಕ್ಕದ ಪುಸ್ತಕದಿಂದ ಹೊರಗಿಟ್ಟ ಸಾಲ ಸುಮಾರು 16 ಲಕ್ಷ ಕೋಟಿ ರೂಪಾಯಿ. ಇದು ಮನ್ನಾ ಅಲ್ಲ, ವಸೂಲಿ ನಡೀತದೆ ಅನ್ನುತ್ತಾರೆ. ಆಗಲಿ. ಅಷ್ಟು ತಾಳ್ಮೆ ಸಮಗಾರನ ಎರಡು ಕಂತು ತಪ್ಪಿದಾಗ ಎಲ್ಲಿ ಹೋಗುತ್ತದೆ?

1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರದ ಸೊತ್ತಾದವು. ಸಣ್ಣ ಉದ್ದಿಮೆಗಾಗಿಯೇ ರಾಜ್ಯ ಹಣಕಾಸು ಸಂಸ್ಥೆ 1959ರಲ್ಲಿ, ಸಿಡ್ಬಿ 1990ರಲ್ಲಿ ಬಂದವು. ಇವು ಯಾರಪ್ಪನ ಮನೆಯ ಗಂಟೂ ಅಲ್ಲ. ಇವುಗಳಿಂದ ನಾವು ಕೇಳುವುದು ಭಿಕ್ಷೆಯೂ ಅಲ್ಲ. ಯಾವ ಶಾಖೆ ಯಾವ ಜಾತಿಗೆ ಎಷ್ಟು ಸಾಲ ಕೊಟ್ಟಿತು ಎಂದು ಪ್ರತಿವರ್ಷ ಬಾಗಿಲಿಗೆ ಅಂಟಿಸಲಿ. ಅರ್ಜಿ ತಳ್ಳಿದರೆ ಕಾರಣ ಬರೆದು, ಸಹಿ ಹಾಕಿ ಕೊಡಲಿ. ಮೊದಲ ಸಾಲ ತೀರಿಸಿದವನಿಗೆ ಎರಡನೆಯದು ಹತ್ತುಪಟ್ಟು ಸಿಗಲಿ.

ಊರಿನ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಈ ಅರ್ಜಿ ಬರೆಯೋಕೆ ಕೇರಿಯವರ ಜೊತೆ ಕೂತ್ಕೊಳ್ಳಿ. ಬ್ಯಾಂಕಿಗೆ ಒಬ್ಬೊಬ್ಬರೇ ಹೋಗೋದು ಸಾಕು. ಇನ್ನು ಗುಂಪಾಗಿ ಹೋಗೋಣ.