ಚೀಟಿ ಇಲ್ಲದ ಟ್ಯೂಬು ಮಗುವಿಗೆ ಬೇಡ

ಸನತ್‌ನಗರದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಮನೆ ಸೇರುವ ತಾಯಂದಿರೇ, ತಂದೆಯರೇ, ಬೀದರ್, ಕಲಬುರಗಿ, ರಾಯಚೂರಿನಿಂದ ಹೊಟ್ಟೆಪಾಡಿಗೆ ಹೈದರಾಬಾದಿಗೆ ಬಂದ ನಮ್ಮವರೇ, ನಿಮ್ಮನ್ನು ಒಂದು ಮಾತು ಕೇಳಬೇಕಿದೆ. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕತ್ತು ಎಲ್ಲವನ್ನೂ ರಕ್ತ ಬರುವಂತೆ ಕೆರೆದುಕೊಂಡು ನಡುರಾತ್ರಿ ಎದ್ದು ಅಳುವ ಮಗುವಿಗೆ ಏನು ಹಚ್ಚುತ್ತಿದ್ದೀರಿ? ಆ ಟ್ಯೂಬು ಎಲ್ಲಿಂದ ಬಂತು?

ಓಣಿಯ ಮೆಡಿಕಲ್ ಶಾಪಿನಿಂದ. ಇಲ್ಲವೇ ಪಕ್ಕದ ಮನೆಯಾಕೆ ಕೊಟ್ಟದ್ದು: "ಅಕ್ಕಾ, ಇದು ಹಚ್ಚ್ರಿ, ಎರಡು ದಿನದಾಗ ಹೋಗ್ತದ." ಹೋಗುವುದು ನಿಜ. ಹಚ್ಚುವುದು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಇನ್ನೂ ಜೋರಾಗಿ ಮರಳುವುದೂ ನಿಜ. ಒಮ್ಮೆ ಆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಕೆಂಪು ಗೆರೆ ಇದೆಯೇ? ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬುದರ ಗುರುತು ಅದು. ಕೆಳಗೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸೋಲ್ ಅಥವಾ ಬೀಟಾಮೆಥಾಸೋನ್, ಜೊತೆಗೊಂದು ಶಿಲೀಂಧ್ರದ ಮದ್ದು, ಮೇಲೊಂದು ಆ್ಯಂಟಿಬಯಾಟಿಕ್. ಕ್ಲೋಬೆಟಾಸೋಲ್ ಎಂದರೆ ಅತಿ ಪ್ರಬಲ ಸ್ಟೀರಾಯ್ಡ್. ಮಗುವಿನ ಚರ್ಮ ತೆಳು, ಔಷಧ ಬೇಗ ರಕ್ತಕ್ಕಿಳಿಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಸವೆದು ನರ ಕಾಣುತ್ತವೆ, ಬಣ್ಣ ಬಿಳಿಚುತ್ತದೆ, ಮುಖ ಊದಿಕೊಳ್ಳಬಹುದು, ಬೆಳವಣಿಗೆಯೂ ಕುಂಠಿತವಾಗಬಹುದು. ಮಗುವಿನ ಆ ತುರಿಕೆ ಇಸುಬು (ಎಕ್ಸಿಮಾ) ಅಲ್ಲದೆ ಗಜಕರ್ಣವಾಗಿದ್ದರಂತೂ ಮೇಲೆ ಕೆಂಪು ಇಳಿಯುತ್ತದೆ, ಒಳಗೆ ಶಿಲೀಂಧ್ರ ಹರಡುತ್ತದೆ. ಮದ್ದಿಗೆ ಬಗ್ಗದ ಗಜಕರ್ಣ ಇಂದು ದೇಶದ ತುಂಬ ಹಬ್ಬಿದೆ. 2020ರಲ್ಲಿ ಗುರುತಿಸಿದ ಅಂಥದೊಂದು ಶಿಲೀಂಧ್ರಕ್ಕೆ ನಮ್ಮ ದೇಶದ ಹೆಸರೇ ಅಂಟಿಕೊಂಡಿದೆ: ಟ್ರೈಕೋಫೈಟಾನ್ ಇಂಡೋಟಿನಿಯೇ.

ಅಂಗಡಿಯ ಅಣ್ಣಂದಿರೇ, ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಯಾದ ಷೆಡ್ಯೂಲ್ ಎಚ್‌ಗೆ ತಂದಿತು. ಇದು ನಿಮಗೆ ಗೊತ್ತು. ಗೊತ್ತಿದ್ದೂ ಕೈಗೂಸಿನ ಕೆನ್ನೆಗೆ ಆ ಟ್ಯೂಬು ಕೊಡುವುದು ಅನ್ಯಾಯ. ಬೇರೆ ಮಾತು ನನಗೆ ಸಿಗುವುದಿಲ್ಲ.

ಹಾಗೆಂದು ಸ್ಟೀರಾಯ್ಡ್ ವಿಷವಲ್ಲ. ವೈದ್ಯರು ಹೇಳಿದ ಬಲದ್ದು, ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದೇ ಮಗುವಿಗೆ ನಿದ್ದೆ ಕೊಡುತ್ತದೆ. ಹೆದರಿ ಅರ್ಧಕ್ಕೆ ಬಿಟ್ಟವರ ಮಕ್ಕಳೂ ನರಳುತ್ತಾರೆ.

ಇನ್ನು, ಗಾಯ ಎಲ್ಲಿದೆ ಎಂದು ನೋಡಿ. ಹೊಕ್ಕುಳ ಕೆಳಗೆ ರೂಪಾಯಿ ಅಗಲದ ಕರಿ ಒರಟು ಕಲೆ ಇದ್ದರೆ ಜೀನ್ಸ್ ಪ್ಯಾಂಟಿನ ಗುಂಡಿಯ ಮೇಲೆ ಅನುಮಾನ ಪಡಿ. ಕಿವಿಹಾಲೆ ಸೋರುತ್ತಿದ್ದರೆ ಓಲೆಯ ಮೇಲೆ. ಎರಡರಲ್ಲೂ ಅಲರ್ಜಿ ತರಬಲ್ಲ ನಿಕ್ಕಲ್ ಇರುವುದು ಸಾಮಾನ್ಯ. ಮೈಗೆ ತಾಗುವ ಒಡವೆ, ಗುಂಡಿಗಳಿಂದ ಎಷ್ಟು ನಿಕ್ಕಲ್ ಬಿಡುಗಡೆಯಾಗಬಹುದು ಎಂಬುದಕ್ಕೆ ಯುರೋಪು 1994ರಲ್ಲೇ ಮಿತಿ ಹಾಕಿತು. ನಾವು ಹಾಲುಗಲ್ಲದ ಕೂಸಿನ ಕಿವಿ ಚುಚ್ಚಿ ಜಾತ್ರೆಯ ಓಲೆ ತೊಡಿಸುತ್ತೇವೆ. ಮದುವೆ ಮನೆಯ 'ಕಪ್ಪು ಮೆಹಂದಿ' ಇದಕ್ಕಿಂತ ಅಪಾಯ. ನಿಜವಾದ ಗೋರಂಟಿ ಗಂಟೆಗಟ್ಟಲೆ ಇಟ್ಟರೆ ಕೆಂಪಗಾಗುತ್ತದೆ. ನಿಮಿಷಗಳಲ್ಲಿ ಕಪ್ಪಾಗುವುದರಲ್ಲಿ ಕೂದಲ ಬಣ್ಣದಲ್ಲಿ ಬಳಸುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುತ್ತದೆ. ಆರು ವರ್ಷದ ಹುಡುಗಿಯ ಅಂಗೈಯಲ್ಲಿ ಶುರುವಾದ ಪಿಪಿಡಿ ಅಲರ್ಜಿ ಜೀವಮಾನವಿಡೀ ಉಳಿಯುತ್ತದೆ. ಮುಂದೊಮ್ಮೆ ತಲೆಗೆ ಬಣ್ಣ ಹಚ್ಚಿಕೊಂಡರೆ ಮುಖವೆಲ್ಲ ಊದೀತು.

ಮೈಗೆ ತಾಗುವ ವಸ್ತುಗಳಲ್ಲಿ ಯಾವುದು ಒಗ್ಗದು ಎಂದು ತಿಳಿಯಲು ಪ್ಯಾಚ್ ಟೆಸ್ಟ್ ಇದೆ. 1895ರಲ್ಲಿ ಚರ್ಮವೈದ್ಯ ಯಾಡಸನ್ ತೋರಿಸಿಕೊಟ್ಟ ವಿಧಾನ: ಬೆನ್ನಿಗೆ ಪಟ್ಟಿ ಅಂಟಿಸಿ, 48 ಗಂಟೆಯ ಮೇಲೆ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಸೂಜಿ ಇಲ್ಲ, ನೋವಿಲ್ಲ. ಇದನ್ನು ಬಿಟ್ಟು 'ನಂಜು' ಎಂದು ಮೊಟ್ಟೆ, ಬದನೆಕಾಯಿ, ಹಾಲು ಎಲ್ಲ ನಿಲ್ಲಿಸಿ ಬೆಳೆಯುವ ಮಗುವನ್ನು ಬಡಕಲು ಮಾಡಬೇಡಿ. ಇಸುಬು ಇದ್ದ ಮೈಗೆ ಸುನ್ನಿಪಿಂಡಿ ತಿಕ್ಕಬೇಡಿ, ಸಾಸಿವೆ ಎಣ್ಣೆ ಬೇಡ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಮೈ ಪೂರ್ತಿ ಆರುವ ಮೊದಲೇ ಕೊಬ್ಬರಿ ಎಣ್ಣೆಯನ್ನೋ ಪರಿಮಳವಿಲ್ಲದ ಕ್ರೀಮನ್ನೋ ಹಚ್ಚಿ. ದಿನವೂ ಹಚ್ಚಿ, ಚರ್ಮ ಚೆನ್ನಾಗಿ ಕಂಡ ದಿನವೂ.

ಮೇಷ್ಟ್ರುಗಳೇ, ಟೀಚರಮ್ಮಂದಿರೇ, ಇಸುಬು ಅಂಟುರೋಗವಲ್ಲ. ಆ ಮಗುವನ್ನು ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಬೇಡಿ.

ದವಾಖಾನೆಗೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಅದಕ್ಕೇ ಮೆಡಿಕಲ್ ಶಾಪು ಎಂಬ ನಿಮ್ಮ ಸಂಕಟ ಗೊತ್ತಿದೆ. ಕಾರ್ಖಾನೆಯ ಮಾಲೀಕರೇ, ಆ ಅರ್ಧ ದಿನವನ್ನು ಸಂಬಳ ಹಿಡಿಯದೆ ಕೊಡಿ. ದುಡಿಯುವವರೇ, ಸನತ್‌ನಗರದಲ್ಲೇ ಕಾರ್ಮಿಕರ ವಿಮೆಯ (ಇಎಸ್ಐ) ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಇಎಸ್ಐ ಇರುವವರ ಸಂಬಳದಲ್ಲಿ ಪ್ರತಿ ತಿಂಗಳು ಶೇ 0.75ರಷ್ಟು ಮುರಿದುಕೊಳ್ಳುವುದು ಇಂಥ ಚಿಕಿತ್ಸೆಗೂ ಸೇರಿಯೇ, ಅದರಲ್ಲಿ ನಿಮ್ಮ ಮಕ್ಕಳ ಪಾಲೂ ಇದೆ. ಮನೆಯಲ್ಲಿರುವ ಟ್ಯೂಬನ್ನು ಜೇಬಿಗೆ ಹಾಕಿಕೊಂಡು, ಇಎಸ್ಐ ಡಿಸ್ಪೆನ್ಸರಿಯಿಂದ ಆಸ್ಪತ್ರೆಗೆ ಶಿಫಾರಸು ಚೀಟಿ ಬರೆಸಿಕೊಂಡು, ಈ ವಾರವೇ ಮಗುವನ್ನು ಚರ್ಮವೈದ್ಯರಿಗೆ ತೋರಿಸಿ.