ಉಪ್ಪು ಮುಂದಾಗಿದೆ ಎಂದು ಯಾರು ಹೇಳಬೇಕು?

ಅಡುಗೆ ಮತ್ತು ಪ್ರೀತಿ ಸೇರಿಸಿ ಮಾಡಿದ ತಮಾಷೆ ಸಿನಿಮಾ ಅಂದರೆ ನಮ್ಮ ಕ್ಲಾಸಿನಲ್ಲಿ ‘ಟೈಮ್‌ಪಾಸ್’ ಅನ್ನುವವರೇ ಜಾಸ್ತಿ. ಹೀರೋ ಬಿರಿಯಾನಿ ಮಾಡುತ್ತಾನೆ, ಹೀರೋಯಿನ್ ನಗುತ್ತಾಳೆ, ನಡುವೆ ಒಂದು ಜಗಳ, ಕೊನೆಗೆ ಮದುವೆ. ನಾನೂ ಹಾಗೇ ಅಂದುಕೊಂಡಿದ್ದೆ. ಈ ರಜೆಯಲ್ಲಿ ಆಪಾ ಜೊತೆ ಕೂತು ಎರಡು ಸಿನಿಮಾ ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಈ ಕಥೆಗಳಲ್ಲಿ ಒಳ್ಳೆಯವು ಅನ್ನಿಸಿಕೊಂಡವುಗಳಲ್ಲಿ ಹೆಣ್ಣಿಗೆ ಹಸಿವಾಗುತ್ತದೆ. ಅವಳು ತಿನ್ನುತ್ತಾಳೆ, ತಿಂದದ್ದು ಸರಿಯಿಲ್ಲದಿದ್ದರೆ ಸರಿಯಿಲ್ಲ ಅನ್ನುತ್ತಾಳೆ. ಇದು ಸಣ್ಣ ವಿಷಯ ಅಂತ ನನಗೆ ಈಗ ಅನ್ನಿಸುತ್ತಿಲ್ಲ.

ಮೊದಲು ನೋಡಿದ್ದು ‘ಒಗ್ಗರಣೆ’. (ನಮ್ಮ ಮನೆಯ ಉರ್ದುವಿನಲ್ಲಿ ಒಗ್ಗರಣೆಗೆ ಬಗಾರ್ ಅನ್ನುತ್ತೇವೆ. ಹೆಸರು ಕೇಳಿಯೇ ಅಮ್ಮಿ ಕೂಡ ಸ್ವಲ್ಪ ಹೊತ್ತು ಬಂದು ಕೂತರು.) 2011ರಲ್ಲಿ ಆಶಿಕ್ ಅಬು ಮಲಯಾಳಂನಲ್ಲಿ ಮಾಡಿದ ‘ಸಾಲ್ಟ್ ಎನ್ ಪೆಪ್ಪರ್’ ಸಿನಿಮಾವನ್ನು ಪ್ರಕಾಶ್ ರಾಜ್ 2014ರಲ್ಲಿ ಕನ್ನಡಕ್ಕೂ ತಮಿಳು, ತೆಲುಗಿಗೂ ತಂದರು. ಡಬ್ಬಿಂಗ್ ಕಲಾವಿದೆಯೊಬ್ಬಳು ದೋಸೆ ತರಿಸಲು ಫೋನ್ ಮಾಡುತ್ತಾಳೆ. ನಂಬರ್ ತಪ್ಪಿ ಕರೆ ಹೋಗುವುದು ಊಟ ಅಂದರೆ ಪ್ರಾಣ ಬಿಡುವ ಪುರಾತತ್ವ ಇಲಾಖೆಯವನಿಗೆ. ಬೈದಾಟದಿಂದ ಶುರುವಾದದ್ದು, ಫೋನಿನಲ್ಲೇ ಕೇಕ್ ಮಾಡುವುದು ಹೇಳಿಕೊಡುವವರೆಗೆ ಬರುತ್ತದೆ. ಇಬ್ಬರಿಗೂ ಮದುವೆಯ ವಯಸ್ಸು ಮೀರಿದೆ. ಭೇಟಿಯಾಗುವ ದಿನ ಬಂದಾಗ ತಮ್ಮ ಮುಖ ತೋರಿಸಲು ಹೆದರಿ, ಇಬ್ಬರೂ ತಮಗಿಂತ ಚಿಕ್ಕವರನ್ನು ಕಳಿಸುತ್ತಾರೆ. ಅಲ್ಲಿಂದ ಗೊಂದಲ.

ಎಲ್ಲರೂ ಈ ಗೊಂದಲಕ್ಕೆ ನಗುತ್ತಾರೆ. ನನಗೆ ಇಷ್ಟವಾದದ್ದು ಮೊದಲ ಫೋನ್. ಅವಳು ದೋಸೆ ಕೇಳಿದ್ದು ಯಾರಿಗೋ ಬಡಿಸಲು ಅಲ್ಲ, ತನಗೆ ತಿನ್ನಬೇಕು ಅಂತ. ನಾನಿ ಓದುವ ಉರ್ದು ಡೈಜೆಸ್ಟ್‌ಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ಹುಡುಗಿಗೆ ಮೊದಲು ಅಡುಗೆ ಬರುವುದಿಲ್ಲ, ರೊಟ್ಟಿ ಸೀಯುತ್ತದೆ, ಕೊನೆಯ ಪುಟದಲ್ಲಿ ಕಲಿತಿರುತ್ತಾಳೆ, ಅವನು ಹೊಗಳುತ್ತಾನೆ. ಅವಳು ಏನು ತಿಂದಳು ಅಂತ ಯಾರೂ ಬರೆಯುವುದಿಲ್ಲ. ನಮ್ಮ ಖಾಲಾಗೆ ಒಂದು ಮಾತು ಬಾಯಿಪಾಠ: ಗಂಡಸಿನ ಮನಸ್ಸಿಗೆ ದಾರಿ ಅವನ ಹೊಟ್ಟೆಯಿಂದ ಹೋಗುತ್ತದೆ. ಹೆಂಗಸಿಗೂ ಒಂದು ಹೊಟ್ಟೆ ಇದೆಯಲ್ಲಾ ಎಂದು ಕೇಳಿದ್ದಕ್ಕೆ ನನ್ನ ತಲೆಗೆ ಒಂದು ಮೊಟಕಿದರು.

ಇದನ್ನೆಲ್ಲ ಬರೆಯಲು ಕಾರಣ ಇದೆ. ಸಿನಿಮಾ ನೋಡುವ ಹತ್ತು ದಿನ ಮೊದಲು ಆಪಾನ ನೋಡಲು ಗಂಡಿನ ಕಡೆಯವರು ಬಂದಿದ್ದರು. ಮಟನ್ ಒಂದೂವರೆ ಕೆ.ಜಿ., ತುಪ್ಪ, ಗೋಡಂಬಿ, ಒಂದು ಡಜನ್ ಹೊಸ ಟೀ ಕಪ್. ಈ ವರ್ಷ ಇದು ಮೂರನೇ ಸಲ. ಅಬ್ಬಾ ಖರ್ಚನ್ನು ಅಂಗಡಿಯ ಲೆಕ್ಕದಲ್ಲೇ ಬರೆದರು. ಅದನ್ನು ಡ್ರಾಯಿಂಗ್ಸ್‌ಗೆ ಹಾಕಬೇಕು ಅಬ್ಬಾ ಎಂದೆ. ಯಾರೂ ನಗಲಿಲ್ಲ.

ದಸ್ತರ್‌ಖಾನ್ ಹಾಸಿದೆವು. ಬಂದವರು ಕೂತರು, ಆಪಾ ನಿಂತು ಬಡಿಸಿದಳು. ಬಿ.ಕಾಂ. ಮುಗಿಸಿದ, ಗೋಬಿ ಮಂಚೂರಿ ಎರಡು ಪ್ಲೇಟ್ ಒಬ್ಬಳೇ ಖಾಲಿ ಮಾಡುವ ನನ್ನ ಆಪಾ ಅವತ್ತು ಬೆಳಗ್ಗೆಯಿಂದ ಅರ್ಧ ಲೋಟ ಚಹಾ ಬಿಟ್ಟು ಏನೂ ಮುಟ್ಟಿರಲಿಲ್ಲ. ಒಬ್ಬರು ಹಿರಿಯ ಹೆಂಗಸು ಶಾಮಿ ಕಬಾಬ್ ಮುರಿದು ಬಾಯಿಗಿಟ್ಟು, ಅವಳ ಮುಖ ನೋಡುತ್ತಾ, ‘ಉಪ್ಪು ಸ್ವಲ್ಪ ಮುಂದಾಗಿದೆ’ ಅಂದರು. ಆಪಾ ತಲೆ ತಗ್ಗಿಸಿದಳು. ಕಬಾಬ್ ಮಾಡಿದ್ದು ನಾನು. ಬಾಗಿಲ ಹಿಂದೆಯೇ ನಿಂತಿದ್ದೆ, ಹೇಳಲಿಲ್ಲ.

ನಾಲ್ಕು ದಿನಕ್ಕೆ ‘ಬೇಡ’ ಅಂತ ಸುದ್ದಿ ಬಂತು. ಕಾರಣ ಹೇಳಲಿಲ್ಲ. ನಾನು ಒಂದು ವಾರ ಆ ಉಪ್ಪನ್ನೇ ಯೋಚಿಸಿದೆ. ಕೊನೆಗೆ ರಾತ್ರಿ ಆಪಾ ಹತ್ತಿರ ಒಪ್ಪಿಕೊಂಡೆ. ಅವಳು ನಕ್ಕಳು. ‘ಅರೆ ಪಗ್ಲೀ, ಉಪ್ಪಿಗೆ ಯಾರಾದರೂ ಬೇಡ ಅಂತಾರಾ’ ಅಂದಳು. ಆಮೇಲೆ ಸ್ವಲ್ಪ ಹೊತ್ತು ನಗಲಿಲ್ಲ.

ಅದಾಗಿ ಎರಡನೇ ಸಿನಿಮಾ ನೋಡಿದೆವು: 2007ರ ‘ಚೀನಿ ಕಮ್’, ನಿರ್ದೇಶನ ಆರ್. ಬಾಲ್ಕಿ. ಲಂಡನ್ನಿನ ಭಾರತೀಯ ಹೋಟೆಲಿನಲ್ಲಿ ಅಮಿತಾಭ್ ಬಚ್ಚನ್ ಬಾಣಸಿಗ, ತನ್ನಂಥ ಅಡುಗೆ ಯಾರೂ ಮಾಡುವುದಿಲ್ಲ ಎಂಬ ಜಂಬ. ಟಬು ಬಂದು ಝಾಫ್ರಾನಿ ಪುಲಾವ್ ತರಿಸಿ, ಇದು ಸರಿಯಿಲ್ಲ ಎಂದು ವಾಪಸ್ ಕಳಿಸುತ್ತಾಳೆ. ಅವನು ಕೂಗಾಡುತ್ತಾನೆ. ಅವಳು ಪುಲಾವ್ ಮಾಡಿ ಅವನಿಗೇ ಕಳಿಸುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಅವನ ಅಡುಗೆಮನೆಯಲ್ಲೇ ಉಪ್ಪಿನ ಜಾಗಕ್ಕೆ ಸಕ್ಕರೆ ಬಿದ್ದಿತ್ತು.

ಅವನಿಗೆ 64, ಅವಳಿಗೆ 34. ಈ ಜೋಡಿ ಅಮ್ಮಿಗೆ ಸರಿ ಬರಲಿಲ್ಲ, ನನಗೂ ಅಷ್ಟಕ್ಕಷ್ಟೇ. ಇಂಥ ಸಿನಿಮಾಗಳಲ್ಲಿ ಎಣ್ಣೆ ಹತ್ತಿದ ಪಾತ್ರೆ ಯಾರು ತಿಕ್ಕುತ್ತಾರೆ ಎಂಬುದೂ ಕಾಣುವುದಿಲ್ಲ. ಆದರೆ ಪ್ಲೇಟ್ ವಾಪಸ್ ಕಳಿಸುವ ಆ ಸೀನನ್ನು ಆಪಾ ಮೂರು ಸಲ ಹಿಂದಕ್ಕೆ ಹಾಕಿ ನೋಡಿದಳು. ಒಂದು ಹೆಣ್ಣು ಆರಾಮಾಗಿ ಕೂತಿದ್ದಾಳೆ. ರುಚಿ ನೋಡುವವಳು ಅವಳು, ಉತ್ತರ ಕೊಡಬೇಕಾದವನು ಅಡುಗೆಯವನು. ನಮ್ಮ ಹಾಲಿನಲ್ಲಿ ನಡೆದದ್ದನ್ನು ಯಾರೋ ಬುಡಮೇಲು ಮಾಡಿಟ್ಟಂತೆ ಇತ್ತು.

‘ಒಗ್ಗರಣೆ’ಯ ಮೂಲದಲ್ಲೂ ಹೆಣ್ಣು ನೋಡುವ ಸೀನ್ ಇದೆ. ನಾಯಕ ಅಲ್ಲಿ ತಿಂಡಿ ತಿಂದು ಮೈಮರೆತು, ಹುಡುಗಿಯನ್ನು ಬಿಟ್ಟು ಆ ಮನೆಯ ಅಡುಗೆಯವನನ್ನೇ ಕರೆದುಕೊಂಡು ಬರುತ್ತಾನೆ. ಮೊದಲು ಕೇಳಿದಾಗ ಬಿದ್ದು ಬಿದ್ದು ನಕ್ಕಿದ್ದೆ. ಈಗ ನಗು ಬಂದರೂ, ಒಳಗೆ ಉಳಿದ ಆ ಹುಡುಗಿ ಅವತ್ತು ಊಟ ಮಾಡಿದಳೋ ಇಲ್ಲವೋ ಅಂತ ಯೋಚನೆ ಬರುತ್ತದೆ.

ಬರುವ ಭಾನುವಾರ ಮತ್ತೊಬ್ಬರು ಬರುತ್ತಿದ್ದಾರೆ. ಈ ಸಲ ತಾನೂ ಅವರ ಜೊತೆ ದಸ್ತರ್‌ಖಾನ್ ಮೇಲೆ ಕೂತು ತಿನ್ನುತ್ತೇನೆ ಎಂದು ಆಪಾ ಹೇಳಿದ್ದಾಳೆ. ಖಾಲಾ ‘ತೌಬಾ’ ಅಂದರು. ಅಬ್ಬಾ ಪೇಪರ್ ಓದುತ್ತಾ ಕೇಳದವರ ಹಾಗೆ ಇದ್ದರು. ಅಮ್ಮಿ ಹೌದು ಅಂತಲೂ ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ಪಿಂಗಾಣಿ ತಟ್ಟೆಗಳನ್ನು ಕಪಾಟಿನಿಂದ ತೆಗೆದು ಎಣಿಸುತ್ತಿದ್ದಾರೆ. ಕಬಾಬ್ ಈ ಸಲವೂ ನಾನೇ ಮಾಡುವುದು.